ಆರ್ಟೀಮಿಯಾ ಇಲ್ಲದೆ ಸಿಹಿನೀರಿನ ಮೀನುಮರಿ ಬೆಳೆಸಬಹುದಾ?

ಪ್ರಶ್ನೆ: ನಮ್ಮದು ಸಣ್ಣ ಹ್ಯಾಚರಿ. ಗೆಂಡೆ ಮತ್ತು ಕ್ಯಾಟ್‌ಫಿಶ್ ಮರಿ ಮಾಡುತ್ತೇವೆ. ಇಷ್ಟು ದಿನ ಆರ್ಟೀಮಿಯಾ, ಅಂದರೆ ಡಬ್ಬಿಯಲ್ಲಿ ಒಣ ಮೊಟ್ಟೆಯಾಗಿ ಸಿಗುವ ಉಪ್ಪುನೀರಿನ ಸಣ್ಣ ಸಿಗಡಿಯಂಥ ಪ್ರಾಣಿಯ ಮರಿ, ಕೊಟ್ಟು ಬೆಳೆಸುತ್ತಿದ್ದೆವು. ಈಗ ಅದು ತುಂಬಾ ದುಬಾರಿ. ಕೊಂಡ ಡಬ್ಬಿಗಳಲ್ಲೂ ಕೆಲವುದರ ಮೊಟ್ಟೆ ಸರಿಯಾಗಿ ಒಡೆದು ಮರಿಯಾಗುವುದಿಲ್ಲ. ಹಾಗಾಗಿ ಬೇಯಿಸಿದ ಕೋಳಿಮೊಟ್ಟೆಯ ಹಳದಿ, ಆಮೇಲೆ ನುಣ್ಣಗೆ ಪುಡಿ ಮಾಡಿದ ಮೀನಿನ ಆಹಾರ ಕೊಟ್ಟು ನೋಡಿದೆವು. ಮರಿಗಳು ತಿನ್ನುತ್ತವೆ, ಹೊಟ್ಟೆಯೂ ತುಂಬಿದಂತೆ ಕಾಣುತ್ತದೆ. ಆದರೂ 6–7ನೇ ದಿನಕ್ಕೆ ರಾಶಿ ರಾಶಿ ಸಾಯುತ್ತವೆ. ಆರ್ಟೀಮಿಯಾ ಪೂರ್ತಿ ಬಿಡಬಹುದಾ? ಬದಲಿಗೆ ಏನು ಕೊಡಬೇಕು? ಟ್ಯೂಬಿಫೆಕ್ಸ್ ಹುಳ ಆಗುತ್ತದಾ?

ಉತ್ತರ: ಹೊಟ್ಟೆ ತುಂಬಿದ್ದರೂ ಸಾಯುತ್ತವೆ ಅಂದಿರಲ್ಲ, ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ. ಮರಿ ನುಂಗಿದೆ, ಆದರೆ ಅರಗಿಸಿಕೊಂಡಿಲ್ಲ.

ಬಾಯಿ ತೆರೆದು ಮೊದಲ ಸಲ ತಿನ್ನಲು ಹೊರಟ ಗೆಂಡೆ ಮರಿ ಸುಮಾರು 5–6 ಮಿಲಿಮೀಟರ್ ಉದ್ದ ಇರುತ್ತದೆ. ಅದರ ಕರುಳು ಇನ್ನೂ ಒಂದು ನೇರ ಕೊಳವೆ, ಅಷ್ಟೇ. ಗೆಂಡೆ ಜಾತಿಗೆ ದೊಡ್ಡದಾದ ಮೇಲೂ ಜಠರ ಅಂತ ಒಂದು ಬರುವುದೇ ಇಲ್ಲ. ಕ್ಯಾಟ್‌ಫಿಶ್‌ಗೆ ಬರುತ್ತದೆ, ಆದರೆ ಹುಟ್ಟಿದ ಕೂಡಲೇ ಅಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಮರಿಯಲ್ಲಿ ತಿನ್ನಲು ಶುರು ಮಾಡಿದ 4–5 ದಿನಗಳ ನಂತರವೇ ಜಠರ ಕೆಲಸಕ್ಕೆ ಬರುವುದು. ಅಲ್ಲಿಯವರೆಗೆ ಪ್ರೋಟೀನನ್ನು ಮೆತ್ತಗೆ ಮಾಡುವ ಆಮ್ಲ ಇಲ್ಲ, ಅದನ್ನು ಒಡೆಯುವ ಜಠರದ ಕಿಣ್ವ ಪೆಪ್ಸಿನ್ ಇಲ್ಲ. ಮೇದೋಜೀರಕದಿಂದ ಬರುವ ಟ್ರಿಪ್ಸಿನ್‌ನಂಥ ಕೆಲವು ಕಿಣ್ವಗಳ ಮೇಲೇ ಎಲ್ಲ ನಡೆಯಬೇಕು.

ಈಗ ಆಹಾರದ ಕಡೆ ನೋಡಿ. ಜೀವಂತ ಆಹಾರದಲ್ಲಿ 80–90 ಶೇಕಡಾ ನೀರೇ. ಅದರ ಪ್ರೋಟೀನಿನಲ್ಲಿ ದೊಡ್ಡ ಪಾಲು ನೀರಿನಲ್ಲಿ ಕರಗುವಂಥದ್ದು, ಬಿಡಿ ಅಮೈನೋ ಆಮ್ಲಗಳೂ ಸಾಕಷ್ಟಿರುತ್ತವೆ. ದೊಡ್ಡ ಮೀನಿಗೆ ಮಾಡಿದ ಆಹಾರವನ್ನು ಪುಡಿ ಮಾಡಿದರೆ ಸಿಗುವುದು ಬೆಂದು ಗಟ್ಟಿಯಾದ ಪ್ರೋಟೀನ್. ಎಷ್ಟು ನುಣ್ಣಗೆ ಮಾಡಿದರೂ ಅದು ಹಾಗೇ ಗಟ್ಟಿ. ಮರಿಯ ಕರುಳಿನಲ್ಲಿ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರುತ್ತದೆ.

ಜೀವಂತ ಆಹಾರದ ಒಳಗಿರುವ ಕಿಣ್ವಗಳೇ ಮರಿಗೆ ಜೀರ್ಣ ಮಾಡಿಕೊಡುತ್ತವೆ ಎಂಬ ಮಾತು ನೀವೂ ಕೇಳಿರಬಹುದು. ಮೊದಲು ಎಲ್ಲರೂ ಹಾಗೇ ನಂಬಿದ್ದರು. ಆಮೇಲೆ ಅಳೆದು ನೋಡಿದಾಗ ಆ ಪಾಲು ತೀರಾ ಕಡಿಮೆ ಎಂದು ಗೊತ್ತಾಯಿತು. ಹಾಗಾಗಿ ‘ಕಿಣ್ವ ಸೇರಿಸಿದ’ ಅಂತ ಬರೆದ ಪುಡಿಗೆ ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ.

6–7ನೇ ದಿನವೇ ಯಾಕೆ ಸಾವು? ನೀರು 27–28 ಡಿಗ್ರಿ ಇದ್ದರೆ ಗೆಂಡೆ ಮರಿ ಹುಟ್ಟುವಾಗ ಹೊಟ್ಟೆಯಡಿ ಹೊತ್ತು ತರುವ ಬುತ್ತಿ, ಅಂದರೆ ಹಳದಿ ಚೀಲ, ಸುಮಾರು 3 ದಿನಕ್ಕೆ ಮುಗಿಯುತ್ತದೆ. ಆಮೇಲೆ ಮೈಯಲ್ಲಿ ಉಳಿದದ್ದನ್ನೇ ಕರಗಿಸಿಕೊಂಡು ಒಂದಷ್ಟು ದಿನ ತಳ್ಳುತ್ತದೆ. ಒಂದು ಹಂತ ದಾಟಿತು ಅಂದರೆ ಮುಂದೆ ಎಷ್ಟೇ ಒಳ್ಳೆ ಆಹಾರ ಹಾಕಿದರೂ ಅದಕ್ಕೆ ತಿನ್ನುವ ಶಕ್ತಿ ಇರುವುದಿಲ್ಲ. ಅಂದರೆ ನೀವು 7ನೇ ದಿನ ನೋಡುತ್ತಿರುವುದು 3–4ನೇ ದಿನ ಶುರುವಾದ ಉಪವಾಸದ ಫಲ. 6ನೇ ದಿನ ಔಷಧಿ ಹುಡುಕಿ ಪ್ರಯೋಜನ ಇಲ್ಲ. ಹಳದಿ ಚೀಲ ಇನ್ನೂ ಸ್ವಲ್ಪ ಉಳಿದಿರುವಾಗಲೇ, ಬಾಯಿ ತೆರೆದ ದಿನವೇ, ಸರಿಯಾದ ಆಹಾರ ಎದುರಿಗೆ ಇರಬೇಕು.

ನನ್ನ ಮಾತು ನಂಬಬೇಕಿಲ್ಲ, ನೀವೇ ನೋಡಬಹುದು. ಹತ್ತು ಮರಿಗಳನ್ನು ಸ್ವಲ್ಪ ನೀರಿನ ಜೊತೆ ಬಿಳಿ ತಟ್ಟೆಗೆ ಹಾಕಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ. ಮರಿಯ ಮೈ ಪಾರದರ್ಶಕ, ಕರುಳು ಪೂರ್ತಿ ಕಾಣುತ್ತದೆ. ಆರ್ಟೀಮಿಯಾ ತಿಂದಿದ್ದರೆ ಕರುಳು ಕಿತ್ತಳೆ ಬಣ್ಣ. ಹಿಂದಕ್ಕೆ ಹೋದಂತೆ ಆ ಬಣ್ಣ ಮಾಸುತ್ತಾ ಬಂದು, ಗುದದ್ವಾರದ ಹತ್ತಿರ ಕಂದು ಚೂರಾಗಿರುತ್ತದೆ. ಅದು ಅರಗುತ್ತಿರುವ ಗುರುತು. ಪುಡಿ ತಿಂದ ಮರಿಯಲ್ಲಿ ಬಾಯಿಯ ಹತ್ತಿರ ಯಾವ ಬಣ್ಣವೋ ಹಿಂದೆಯೂ ಅದೇ ಬಣ್ಣ. ಹೊರಗೆ ಬರುವ ಮಲದ ಎಳೆಯಲ್ಲಿ ನೀವು ಹಾಕಿದ ಕಣಗಳೇ ಹಾಗೇ ಸಿಗುತ್ತವೆ. ಮೇಲಿನಿಂದಲೂ ನೋಡಿ. ತಲೆ ದಪ್ಪ, ಮೈ ಸಣ್ಣ, ತಲೆಯ ಹಿಂದೆ ತಗ್ಗು ಬಿದ್ದಿದ್ದರೆ ಆ ಮರಿ ಹೊಟ್ಟೆ ತುಂಬಿಸಿಕೊಂಡೇ ಸೊರಗುತ್ತಿದೆ ಅಂತ ಅರ್ಥ.

ಎಲ್ಲ ಮೀನಿಗೂ ಈ ಕಷ್ಟ ಇಲ್ಲ. ಟ್ರೌಟ್, ತಿಲಾಪಿಯಾ ಮರಿಗಳು ದೊಡ್ಡ ಹಳದಿ ಚೀಲದ ಜೊತೆ ಹುಟ್ಟುತ್ತವೆ. ತಿನ್ನಲು ಶುರು ಮಾಡುವ ಹೊತ್ತಿಗೆ ಅವುಗಳ ಮೈಯೂ ಕರುಳೂ ಸಾಕಷ್ಟು ಬೆಳೆದಿರುತ್ತವೆ. ಹಾಗಾಗಿ ಒಣ ಆಹಾರ ಮೊದಲ ದಿನದಿಂದಲೇ ನಡೆಯುತ್ತದೆ. ತಿಲಾಪಿಯಾ ಮಾಡುವವರು ‘ನಮಗೇನೂ ತೊಂದರೆ ಇಲ್ವಲ್ಲ’ ಅಂದರೆ ಅದು ನಿಜವೇ. ಆದರೆ ಆ ಅನುಭವ ನಿಮ್ಮ ಮರಿಗೆ ಹೊಂದುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಆರ್ಟೀಮಿಯಾ ಪೂರ್ತಿ ಬಿಡಲು ಈಗಲೇ ಹೋಗಬೇಡಿ. ಅದು ಬೇಕಾಗುವ ದಿನಗಳನ್ನು ಕಡಿಮೆ ಮಾಡಿ. ಖರ್ಚು ಉಳಿಯುವುದು ಅಲ್ಲೇ. ಕ್ಯಾಟ್‌ಫಿಶ್‌ಗೆ ನಿಜವಾಗಿ ಬೇಕಾದದ್ದು ಮೊದಲ ಕೆಲವೇ ದಿನ, ಗೆಂಡೆಗೆ ಸುಮಾರು ಒಂದು ವಾರ. ಎರಡು ವಾರ ಆರ್ಟೀಮಿಯಾ ಸುರಿಯುತ್ತಿದ್ದರೆ ಅರ್ಧಕ್ಕಿಂತ ಜಾಸ್ತಿ ದಂಡ.

ಇನ್ನೊಂದು ವಿಷಯ. ಸರಿಯಾಗಿ ಒಡೆಯದ ಡಬ್ಬಿ ಅಂದಿರಲ್ಲ, ಅದನ್ನು ಎಸೆಯಬೇಡಿ. ನನ್ನ ಪ್ರಕಾರ ನಿಮಗೆ ಕೈಗೆ ಸಿಗುವ ಮೊದಲ ಪರ್ಯಾಯ ಅದೇ. ಆರ್ಟೀಮಿಯಾದ ಒಣ ಮೊಟ್ಟೆಗೆ ಸಿಸ್ಟ್ ಅನ್ನುತ್ತಾರೆ. ಅದರ ಕಂದು ಚಿಪ್ಪು ಮರಿಗೆ ಅರಗುವುದಿಲ್ಲ. ಆ ಚಿಪ್ಪನ್ನು ಕ್ಲೋರಿನ್ ದ್ರಾವಣದಲ್ಲಿ ಕರಗಿಸಿಬಿಟ್ಟರೆ ಒಳಗಿನದನ್ನು ನೇರವಾಗಿ ತಿನ್ನಿಸಬಹುದು. ಒಡೆಯಬೇಕು, ಈಜಬೇಕು ಎಂಬ ಗೋಜೇ ಇಲ್ಲ. ಒಡೆಯಲು ಖರ್ಚಾಗುವ ಶಕ್ತಿಯೂ ಒಳಗೇ ಉಳಿಯುತ್ತದೆ. ಈಗಷ್ಟೇ ಒಡೆದ ಆರ್ಟೀಮಿಯಾ ಮರಿಗೆ ಹೋಲಿಸಿದರೆ, ತಳಿ ನೋಡಿಕೊಂಡು, 30–55 ಶೇಕಡಾ ಜಾಸ್ತಿ ಶಕ್ತಿ ಚಿಪ್ಪು ತೆಗೆದ ಸಿಸ್ಟ್‌ನಲ್ಲಿರುತ್ತದೆ. ಗಾತ್ರವೂ ಸಣ್ಣದು. ಒಡೆದ ಆರ್ಟೀಮಿಯಾ 400–500 ಮೈಕ್ರಾನ್ ಇದ್ದರೆ ಇದು 200–250 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಕ್ಲೋರಿನ್ ಚಿಪ್ಪಿನ ಮೇಲಿನ ರೋಗಾಣುಗಳನ್ನೂ ಕೊಲ್ಲುತ್ತದೆ.

ಮಾಡುವ ಬಗೆ ಹೀಗೆ. 100 ಗ್ರಾಂ ಸಿಸ್ಟನ್ನು ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರಿನಲ್ಲಿ, ಗಾಳಿ ಬಿಟ್ಟು, ಒಂದು ಗಂಟೆ ನೆನೆಸಿ. ಒಣ ಸಿಸ್ಟ್ ಒಂದು ಬದಿ ಒಳಕ್ಕೆ ಕುಸಿದಿರುತ್ತದೆ. ನೆನೆದು ಪೂರ್ತಿ ಗುಂಡಗಾಗದಿದ್ದರೆ ಆ ತಗ್ಗಿನಲ್ಲಿ ಚಿಪ್ಪು ಕರಗದೆ ಉಳಿಯುತ್ತದೆ. ಒಂದು ಗ್ರಾಂ ಸಿಸ್ಟ್‌ಗೆ 0.5 ಗ್ರಾಂ ಸಕ್ರಿಯ ಕ್ಲೋರಿನ್, 0.15 ಗ್ರಾಂ ಕಾಸ್ಟಿಕ್ ಸೋಡಾ, ಎಲ್ಲ ಸೇರಿ 14 ಮಿಲಿಲೀಟರ್ ದ್ರಾವಣ, ಇದು ಲೆಕ್ಕ. ನಿಮ್ಮ ಹತ್ತಿರ 10 ಶೇಕಡಾ ಸಕ್ರಿಯ ಕ್ಲೋರಿನ್ ಇರುವ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಇದ್ದರೆ 100 ಗ್ರಾಂ ಸಿಸ್ಟ್‌ಗೆ ಅದು 500 ಮಿಲಿಲೀಟರ್, ಕಾಸ್ಟಿಕ್ ಸೋಡಾ 15 ಗ್ರಾಂ, ಉಪ್ಪುನೀರು ಸೇರಿಸಿ ಒಟ್ಟು 1.4 ಲೀಟರ್. ಹಳೆಯ ಕ್ಯಾನಿನ ಹೈಪೋಕ್ಲೋರೈಟ್ ಬಲ ಕಳೆದುಕೊಂಡಿರುತ್ತದೆ. ಡಬ್ಬಿಯ ಮೇಲೆ ಬರೆದ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ.

ದ್ರಾವಣವನ್ನು ಮೊದಲೇ 15–20 ಡಿಗ್ರಿಗೆ ತಣ್ಣಗೆ ಮಾಡಿಟ್ಟುಕೊಂಡು, ನೆನೆದ ಸಿಸ್ಟನ್ನು ಸೋಸಿ ಅದಕ್ಕೆ ಹಾಕಿ, ಕೈಬಿಡದೆ ಕದಡುತ್ತಿರಿ. ತಾನಾಗಿಯೇ ಬಿಸಿ ಏರುತ್ತದೆ. ಸುತ್ತ ಐಸ್ ಇಟ್ಟುಕೊಂಡಿರಿ, 40 ಡಿಗ್ರಿ ದಾಟಬಾರದು. ಕಂದು ಬಣ್ಣ ಮೊದಲು ಬೂದಿಯಾಗುತ್ತದೆ, ಆಮೇಲೆ ಕಿತ್ತಳೆಗೆ ತಿರುಗುತ್ತದೆ. 5ರಿಂದ 15 ನಿಮಿಷದ ಕೆಲಸ. ಕಿತ್ತಳೆ ಕಂಡ ಕೂಡಲೇ 100–120 ಮೈಕ್ರಾನ್ ಜರಡಿಗೆ ಸುರಿದು, ಕ್ಲೋರಿನ್ ವಾಸನೆ ಹೋಗುವವರೆಗೂ ತೊಳೆಯಿರಿ. ಆಮೇಲೆ, ಉಳಿದ ಕ್ಲೋರಿನ್ ಹೋಗಲೆಂದು, 0.1 ಶೇಕಡಾ ಸೋಡಿಯಂ ಥಯೋಸಲ್ಫೇಟ್‌ನಲ್ಲಿ ಅರ್ಧ ನಿಮಿಷ ಅದ್ದಿ ಮತ್ತೆ ತೊಳೆಯಿರಿ. ಕೈಗವಸು, ಕನ್ನಡಕ ಹಾಕಿಕೊಂಡು ಗಾಳಿಯಾಡುವ ಕಡೆ ಮಾಡಿ. ಈ ದ್ರಾವಣದ ಹತ್ತಿರ ಯಾವ ಆಸಿಡ್ಡೂ ಇರಬಾರದು, ವಿಷದ ಗಾಳಿ ಏಳುತ್ತದೆ.

ಫ್ರಿಜ್‌ನಲ್ಲಿ ಕೆಲವು ದಿನ ಇಡಬಹುದು. ಇನ್ನೂ ಜಾಸ್ತಿ ದಿನ ಇಡಬೇಕಿದ್ದರೆ ಲೀಟರಿಗೆ 300 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ಇಟ್ಟು, ಕೊಡುವ ಮೊದಲು ತೊಳೆಯಿರಿ.

ಇದರ ಕುಂದು ಅಂದರೆ ಸಿಸ್ಟ್ ಅಲುಗಾಡುವುದಿಲ್ಲ, ತಳಕ್ಕೆ ಇಳಿಯುತ್ತದೆ. ಕ್ಯಾಟ್‌ಫಿಶ್ ಮರಿಗೆ ಇದು ಕುಂದೇ ಅಲ್ಲ. ಅದು ತಳದಲ್ಲೇ, ಕತ್ತಲ ಮೂಲೆಯಲ್ಲೇ ಮೇಯುವ ಪ್ರಾಣಿ. ಆಫ್ರಿಕನ್ ಕ್ಯಾಟ್‌ಫಿಶ್ ಮರಿಗಳು ಚಿಪ್ಪು ತೆಗೆದ ಸಿಸ್ಟ್‌ನಲ್ಲೇ ಚೆನ್ನಾಗಿ ಬೆಳೆಯುತ್ತವೆ ಎಂದು 1980ರ ದಶಕದಲ್ಲೇ ತೋರಿಸಿದ್ದಾರೆ. ಗೆಂಡೆ ಮರಿ ನೀರಿನ ನಡುವೆ ತಿನ್ನುವುದರಿಂದ, ಸಿಸ್ಟ್ ತೇಲಾಡುವಷ್ಟು ಗಾಳಿ ಬಿಡಬೇಕು. ಮರಿ ಸುತ್ತಿ ತಿರುಗುವಷ್ಟು ಬಿಟ್ಟರೆ ಅದೇ ಒಂದು ಹಿಂಸೆ. ಉಳಿದದ್ದನ್ನು ದಿನಕ್ಕೆ ಎರಡು ಸಲವಾದರೂ ಸೈಫನ್ ಹಾಕಿ ತೆಗೆಯಿರಿ.

ಇನ್ನು ಮೊಯ್ನಾ ಎಂಬ ಸಣ್ಣ ನೀರುಚಿಗಟ. ದೀರ್ಘಕಾಲಕ್ಕೆ ನಾನು ನೆಚ್ಚುವುದು ಇದನ್ನೇ. ಸಿಹಿನೀರಿನದೇ ಪ್ರಾಣಿ, ಹಾಗಾಗಿ ಟಬ್ಬಿಗೆ ಬಿದ್ದ ಮೇಲೂ ಮರಿ ತಿನ್ನುವವರೆಗೆ ಬದುಕಿರುತ್ತದೆ. ಆರ್ಟೀಮಿಯಾ ಸಿಹಿನೀರಿನಲ್ಲಿ ಹೆಚ್ಚೆಂದರೆ ಒಂದು ಗಂಟೆ. ಸತ್ತ ಮೇಲೆ ತಳದಲ್ಲಿ ಕೊಳೆಯುತ್ತದೆ. ಮೊಯ್ನಾದ ಒಣತೂಕದಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನ್. ಈಗ ಹುಟ್ಟಿದ ಮೊಯ್ನಾ 400 ಮೈಕ್ರಾನ್‌ಗಿಂತ ಸಣ್ಣದು, ಬೆಳೆದದ್ದು ಒಂದು ಮಿಲಿಮೀಟರ್ ಹತ್ತಿರ. 400 ಮೈಕ್ರಾನ್ ಜರಡಿಯಲ್ಲಿ ಸೋಸಿದರೆ ಸಣ್ಣವು ಕೆಳಗೆ, ಅವು ಮರಿಗೆ. ಮೇಲೆ ನಿಂತ ತಾಯಂದಿರು ವಾಪಸ್ ತೊಟ್ಟಿಗೆ.

ಬೆಳೆಸುವುದು ಕಷ್ಟವಿಲ್ಲ, ಆದರೆ ದಿನಾ ನೋಡಬೇಕು. ಕ್ಲೋರಿನ್ ಇಲ್ಲದ ನೀರು, 24–31 ಡಿಗ್ರಿ ಶಾಖ, ಆಳ ಅರ್ಧ ಮೀಟರ್ ಸಾಕು. ಗಾಳಿ ಮೆಲ್ಲಗೆ ಬಿಡಿ, ಸೊಳ್ಳೆಪರದೆ ಮುಚ್ಚಿ. ಲೀಟರಿಗೆ 25ರಂತೆ ಬಿಟ್ಟರೆ ಒಂದು ವಾರದಲ್ಲಿ ಕೊಯ್ಲಿಗೆ ಬರುತ್ತದೆ. ಆಹಾರಕ್ಕೆ ಕ್ಲೋರೆಲ್ಲಾ ಎಂಬ ಸೂಕ್ಷ್ಮ ಪಾಚಿ ಬೆಳೆದ ಹಸಿರು ನೀರು ಇದ್ದರೆ ಉತ್ತಮ. ಇಲ್ಲದಿದ್ದರೆ ಬೇಕರಿ ಯೀಸ್ಟ್, 100 ಲೀಟರಿಗೆ 2–3 ಗ್ರಾಂ ಬೆಚ್ಚಗಿನ ನೀರಿನಲ್ಲಿ ಕದಡಿ ಹಾಕಿ. ನೀರು ತುಸು ಮಬ್ಬಾಗಬೇಕು, ಮರುದಿನಕ್ಕೆ ತಿಳಿಯಾಗಬೇಕು. ತಿಳಿಯಾಗದಿದ್ದರೆ ಮತ್ತೆ ಯೀಸ್ಟ್ ಹಾಕಲೇಬೇಡಿ. ಮೊಯ್ನಾ ತೊಟ್ಟಿಗಳು ಹಸಿವಿನಿಂದ ಸಾಯುವುದಕ್ಕಿಂತ ಜಾಸ್ತಿ ಕೊಟ್ಟ ಯೀಸ್ಟ್ ಕೊಳೆತು ಸಾಯುವುದೇ ಹೆಚ್ಚು.

ಮೊಯ್ನಾ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ. ಕರುಳು ಹಸಿರೋ ಕಂದೋ ಆಗಿ ತುಂಬಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಹಸಿವು. ಮೈ ಕೆಂಪಗಾಗಿ ಮೇಲೆ ಗುಂಪುಗಟ್ಟಿದ್ದರೆ ಆಮ್ಲಜನಕ ಸಾಲುತ್ತಿಲ್ಲ. ಬೆನ್ನಲ್ಲಿ ಕಪ್ಪಗೆ ಗಟ್ಟಿ ಮೊಟ್ಟೆ ಹೊತ್ತವು ಜಾಸ್ತಿಯಾದರೆ ತೊಟ್ಟಿ ಕುಸಿಯುವ ಹಾದಿಯಲ್ಲಿದೆ. ತಡ ಮಾಡದೆ ಬೇರೆ ತೊಟ್ಟಿಯಲ್ಲಿ ಹೊಸದಾಗಿ ಶುರು ಮಾಡಿ. ದಿನಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಒಂದೇ ದೊಡ್ಡ ತೊಟ್ಟಿ ಇಡುವ ಬದಲು, ಬೇರೆ ಬೇರೆ ದಿನ ಶುರು ಮಾಡಿದ ನಾಲ್ಕೈದು ಸಣ್ಣ ಟಬ್‌ಗಳು ಇರಲಿ. ಮರಿ ಬಾಯಿ ತೆರೆಯುವ ದಿನಕ್ಕೆ ಸರಿಯಾಗಿ ಇರುವ ಒಂದೇ ತೊಟ್ಟಿ ಕೈಕೊಟ್ಟರೆ ಏನು ಮಾಡುತ್ತೀರಿ?

ಬರೀ ಯೀಸ್ಟ್ ತಿಂದ ಮೊಯ್ನಾದಲ್ಲಿ ಒಳ್ಳೆ ಕೊಬ್ಬಿನಂಶ ಕಡಿಮೆ. ಕೊಡುವ ಕೆಲವು ಗಂಟೆ ಮೊದಲು ಹಸಿರು ನೀರಿನಲ್ಲಿ ಬಿಟ್ಟರೆ ಸರಿಹೋಗುತ್ತದೆ. ಸಮುದ್ರ ಮೀನಿನ ಹ್ಯಾಚರಿಯವರು ಮಾಡುವಂತೆ ಮೀನೆಣ್ಣೆಯ ದುಬಾರಿ ದ್ರಾವಣಗಳಲ್ಲಿ ಅದ್ದುವ ಅಗತ್ಯ ನಿಮಗಿಲ್ಲ. ಬಹುತೇಕ ಸಿಹಿನೀರಿನ ಮೀನುಗಳು ಲಿನೋಲೆನಿಕ್ ಆಮ್ಲ ಎಂಬ ಕೊಬ್ಬಿನಾಮ್ಲದಿಂದ ಬೇಕಾದ ಉದ್ದ ಸರಪಳಿಯ ಕೊಬ್ಬನ್ನು ತಾವೇ ಮಾಡಿಕೊಳ್ಳಬಲ್ಲವು. ಹೆಚ್ಚಾದ ಮೊಯ್ನಾವನ್ನು ಫ್ರೀಜರ್‌ನಲ್ಲಿ ಇಡಬಹುದು, ಆದರೆ ಕರಗಿ ನೀರಿಗೆ ಬಿದ್ದ ಕೂಡಲೇ ಅದರ ಸಾರ ಸೋರಿಹೋಗಲು ಶುರುವಾಗುತ್ತದೆ. ಆಪತ್ತಿಗೆ ಮಾತ್ರ ಇಟ್ಟುಕೊಳ್ಳಿ.

ಗೆಂಡೆ ಮರಿಗೆ ಮೊದಲ ಒಂದೆರಡು ದಿನ ಮೊಯ್ನಾ ದೊಡ್ಡದಾಗಬಹುದು. ಆಗ ಸಿಹಿನೀರಿನ ರೋಟಿಫರ್ ಎಂಬ ಇನ್ನೂ ಸಣ್ಣ ಸೂಕ್ಷ್ಮಪ್ರಾಣಿ ಒಳ್ಳೆಯದು. ಬ್ರಾಕಿಯೋನಸ್ ಕ್ಯಾಲಿಸಿಫ್ಲೋರಸ್ ಎಂಬುದು ಇದಕ್ಕೆ ಸರಿಯಾದ ಜಾತಿ, ಸುಮಾರು 150–250 ಮೈಕ್ರಾನ್. ಕ್ಲೋರೆಲ್ಲಾದಲ್ಲಿ ಬೇಗ ಬೆಳೆಯುತ್ತದೆ, ಯೀಸ್ಟ್‌ನಲ್ಲಿ ಬೇಗ ಕುಸಿಯುತ್ತದೆ. ನೀವು ಚಿಪ್ಪು ತೆಗೆದ ಸಿಸ್ಟ್ ಮಾಡಿಕೊಂಡರೆ ಗಾತ್ರ ಅದೇ ಇರುವುದರಿಂದ ರೋಟಿಫರ್ ಇಲ್ಲದೆಯೂ ನಡೆದೀತು. ಮೈಕ್ರೋವರ್ಮ್ ಎಂಬ ಬಿಳಿ ದಾರದಂಥ ಹುಳ ಇನ್ನೂ ಸುಲಭ, ಓಟ್ಸ್ ಅಥವಾ ಹಿಟ್ಟಿನ ಗಂಜಿ ಮೇಲೆ ಸ್ವಲ್ಪ ಯೀಸ್ಟ್ ಉದುರಿಸಿದರೆ ಡಬ್ಬಿಯಲ್ಲೇ ಬೆಳೆಯುತ್ತದೆ. ಅಗಲ ಬರೀ 50 ಮೈಕ್ರಾನ್, ನೀರಿನಲ್ಲಿ ಒಂದು ದಿನ ಬದುಕಿರುತ್ತದೆ. ಆದರೆ ತಳ ಸೇರಿಬಿಡುತ್ತದೆ. ಅಲಂಕಾರ ಮೀನು ಮಾಡುವವರಿಗೆ ಸರಿ, ಲಕ್ಷಗಟ್ಟಲೆ ಮರಿಗೆ ಸಾಲುವಷ್ಟು ತೆಗೆಯುವುದು ರೇಜಿಗೆ.

ಕೆರೆಯಿಂದ ಬಲೆ ಹಾಕಿ ತಂದ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲಾಡುವ ಸೂಕ್ಷ್ಮಜೀವಿಗಳ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಸೈಕ್ಲೋಪ್ಸ್ ಎಂಬ ಬೇಟೆಗಾರ ಸಣ್ಣ ಪ್ರಾಣಿ ಇರುತ್ತದೆ. ಅದರ ಮರಿ ಒಳ್ಳೆ ಆಹಾರ, ಬೆಳೆದದ್ದು ಮಾತ್ರ ನಿಮ್ಮ ಮೀನುಮರಿಯನ್ನೇ ಕಚ್ಚಿ ಕೊಲ್ಲುತ್ತದೆ. ಸೋಸದೆ ಹಾಕಲೇಬೇಡಿ.

ಒಣ ಆಹಾರಕ್ಕೆ ಬರೋಣ. ಅದು ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಯೀಸ್ಟ್ ಮತ್ತು ಲಿವರ್ ಸೇರಿಸಿ ಮಾಡಿದ ಒಣ ಆಹಾರದಲ್ಲೇ ಸಾಮಾನ್ಯ ಗೆಂಡೆ ಮರಿ ಬೆಳೆಸಿದ ಪ್ರಯೋಗಗಳು 1980ರ ದಶಕದಲ್ಲೇ ಆಗಿವೆ. ಮರಿಗೆಂದೇ ಮಾಡಿದ ಆಹಾರಕ್ಕೂ ದೊಡ್ಡ ಮೀನಿನ ಆಹಾರದ ಪುಡಿಗೂ ತುಂಬಾ ವ್ಯತ್ಯಾಸ. ಕೊಳ್ಳುವಾಗ ಮೂರು ವಿಷಯ ಕೇಳಿ. ಪ್ರೋಟೀನಿನ ಒಂದು ಪಾಲು ಮೊದಲೇ ಒಡೆದದ್ದು, ಅಂದರೆ ಹೈಡ್ರೊಲೈಸೇಟ್, ಆಗಿರಬೇಕು. ಸ್ವಲ್ಪ ಇದ್ದರೆ ಗುಣ, ಮಿತಿಮೀರಿದರೆ ಬೆಳವಣಿಗೆ ಕುಂಠಿತ. ಫಾಸ್ಫೋಲಿಪಿಡ್ ಎಂಬ ಬಗೆಯ ಕೊಬ್ಬಾದ ಲೆಸಿಥಿನ್ ಇರಬೇಕು. ಗೆಂಡೆ ಮರಿಗೆ ಸುಮಾರು 2 ಶೇಕಡಾ ಫಾಸ್ಫೋಲಿಪಿಡ್ ಸೇರಿಸಿದರೆ ಬದುಕುಳಿಯುವುದೂ ಬೆಳೆಯುವುದೂ ಎದ್ದು ಕಾಣುವಷ್ಟು ಸುಧಾರಿಸುತ್ತದೆ. ನೀರಿನಲ್ಲಿ ಬೇಗ ಹಾಳಾಗದ ರೂಪದ ವಿಟಮಿನ್ ಸಿ ಇರಬೇಕು, ಇಲ್ಲದಿದ್ದರೆ ಬೆನ್ನು ಸೊಟ್ಟ, ಕಿವಿರಿನ ಮುಚ್ಚಳ ಗಿಡ್ಡ.

ಕಣದ ಗಾತ್ರ ಮೊದಲು 100–200 ಮೈಕ್ರಾನ್, ಆಮೇಲೆ 200–400. ಕಣ ಸಣ್ಣದಾದಷ್ಟೂ ಅದರ ಸಾರ ನೀರಿಗೆ ಬೇಗ ಸೋರುತ್ತದೆ, ಕೆಲವೇ ನಿಮಿಷಗಳಲ್ಲಿ. ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಹಾಕಿದರೆ ತಿನ್ನುವುದು ಬ್ಯಾಕ್ಟೀರಿಯಾ. ಗಂಟೆಗೊಮ್ಮೆ, ಚಿಟಿಕೆ ಚಿಟಿಕೆ ಹಾಕಬೇಕು. ಕ್ಯಾಟ್‌ಫಿಶ್‌ಗೆ ರಾತ್ರಿಯೂ ಬೇಕು. ಹಸಿದ ಕ್ಯಾಟ್‌ಫಿಶ್ ಮರಿ ಪಕ್ಕದ ಮರಿಯನ್ನೇ ತಿನ್ನಲು ಶುರು ಮಾಡುತ್ತದೆ.

ಜೀವಂತ ಆಹಾರದಿಂದ ಒಣ ಆಹಾರಕ್ಕೆ ಒಂದೇ ದಿನದಲ್ಲಿ ಹಾರಬೇಡಿ. ಕೆಲವು ದಿನ ಎರಡೂ ನಡೆಯಲಿ. ಹಸಿವು ಜೋರಾಗಿರುವಾಗ ಮೊದಲು ಒಣದ್ದು ಹಾಕಿ, ಅರ್ಧ ಗಂಟೆ ಬಿಟ್ಟು ಮೊಯ್ನಾ ಅಥವಾ ಸಿಸ್ಟ್ ಕೊಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ಅಲುಗಾಡುವುದನ್ನೇ ಹಿಡಿಯುತ್ತದೆ, ಪುಡಿಯನ್ನು ಮೂಸಿಯೂ ನೋಡುವುದಿಲ್ಲ. ಕ್ಯಾಟ್‌ಫಿಶ್‌ನಲ್ಲಿ ತಿನ್ನಲು ಶುರು ಮಾಡಿದ 4ನೇ ದಿನದಿಂದ ಹೀಗೆ ಬೆರೆಸಿ, 8ನೇ ದಿನದ ಹೊತ್ತಿಗೆ ಪೂರ್ತಿ ಒಣ ಆಹಾರಕ್ಕೆ ತರಬಹುದು. ಗೆಂಡೆಗೆ ಮೊದಲ ವಾರ ಬಿಟ್ಟು ಶುರು ಮಾಡಿ. ದಿನದ ಲೆಕ್ಕಕ್ಕಿಂತ ಮಸೂರದ ಲೆಕ್ಕ ಮುಖ್ಯ. ಒಣದ್ದು ತಿಂದ ಮೇಲೂ ಕರುಳಿನ ಹಿಂಭಾಗದಲ್ಲಿ ಬಣ್ಣ ಬದಲಾಗುತ್ತಿದ್ದರೆ ಜೀವಂತ ಆಹಾರ ಇಳಿಸಿ, ಇಲ್ಲವಾದರೆ ಎರಡು ದಿನ ತಡೆಯಿರಿ.

ಕೋಳಿಮೊಟ್ಟೆಯ ಹಳದಿ? ಬಟ್ಟೆಯಲ್ಲಿ ಹಿಂಡಿ ಹಾಕುವುದು ಹಳೆಯ ಅಭ್ಯಾಸ. ಒಂದು ದಿನ ಬೇರೇನೂ ಇಲ್ಲದಿದ್ದರೆ ಸರಿ. ಅದಕ್ಕಿಂತ ಜಾಸ್ತಿ ಆದರೆ ಮರಿಗಿಂತ ನೀರಿಗೇ ಅದು ಸೇರುವುದು. ಕೊಳೆತು ಅಮೋನಿಯಾ ಏರುತ್ತದೆ, ನೀರಿನ ಪಿಎಚ್ ಜಾಸ್ತಿ ಇದ್ದರೆ ಅದೇ ಅಮೋನಿಯಾ ಇನ್ನೂ ವಿಷ. ನಿಮ್ಮಲ್ಲಿ ಸತ್ತ ಮರಿಗಳಲ್ಲಿ ಒಂದು ಪಾಲು ಇದರಿಂದಲೇ ಇರಬಹುದು. ಕಡಲೆಕಾಯಿ ಹಿಂಡಿ, ಅಕ್ಕಿ ತೌಡಿನ ಪುಡಿಯ ಕತೆ ಬೇರೆ. ಅದು ಮಣ್ಣಿನ ಕೊಳದಲ್ಲಿ ಚೆನ್ನಾಗಿ ನಡೆಯುತ್ತದೆ. ಯಾಕೆಂದರೆ ಅಲ್ಲಿ ಮರಿ ಮುಖ್ಯವಾಗಿ ತಿನ್ನುವುದು ಪ್ಲಾಂಕ್ಟನ್. ಹಿಂಡಿಯ ದೊಡ್ಡ ಪಾಲು ಗೊಬ್ಬರವಾಗಿ ಆ ಪ್ಲಾಂಕ್ಟನ್ನನ್ನೇ ಬೆಳೆಸುತ್ತದೆ. ಅದನ್ನೇ ಸಿಮೆಂಟ್ ತೊಟ್ಟಿಗೆ ತಂದು ಸುರಿದರೆ ಕೆಲಸ ಮಾಡುವುದಿಲ್ಲ. ನಿಮ್ಮ ಹತ್ತಿರ ಕೊಳ ಇದ್ದರೆ ಗೆಂಡೆ ಮರಿಯನ್ನು ತೊಟ್ಟಿಯಲ್ಲಿ ಇಟ್ಟುಕೊಳ್ಳುವ ಹಟವೇ ಬೇಡ. ನೀರು ತುಂಬಿಸಿ ಗೊಬ್ಬರ ಹಾಕಿದ ಕೊಳದಲ್ಲಿ ಮೊದಲು ರೋಟಿಫರ್, ಆಮೇಲೆ ಮೊಯ್ನಾ ಜಾತಿಯವು, ಕೊನೆಗೆ ಸೈಕ್ಲೋಪ್ಸ್ ಹೆಚ್ಚುತ್ತವೆ. ರೋಟಿಫರ್ ಏರುತ್ತಿರುವಾಗಲೇ ಮರಿ ಬಿಟ್ಟುಬಿಡಿ.

ಯಾವುದಕ್ಕೇ ಬದಲಾಯಿಸುವ ಮೊದಲು ಸಣ್ಣದಾಗಿ ಮಾಡಿ ನೋಡಿ. ಒಂದೇ ತಾಯಿಯ ಮರಿಗಳನ್ನು ನೂರು ನೂರು ಎಣಿಸಿ ನಾಲ್ಕು ಟಬ್‌ಗೆ ಹಾಕಿ. ಒಂದಕ್ಕೆ ಒಡೆದ ಆರ್ಟೀಮಿಯಾ, ಒಂದಕ್ಕೆ ಸಿಸ್ಟ್, ಒಂದಕ್ಕೆ ಮೊಯ್ನಾ, ಇನ್ನೊಂದಕ್ಕೆ ಏನೂ ಬೇಡ. ಆ ಉಪವಾಸದ ಟಬ್ ಇಡಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಅದಿಲ್ಲದೆ ಪರೀಕ್ಷೆ ಪೂರ್ತಿ ಅಲ್ಲ. ನಿಮ್ಮ ಹೊಸ ಆಹಾರದ ಮರಿಗಳೂ ಉಪವಾಸದ ಮರಿಗಳೂ ಒಂದೇ ದಿನ ಸತ್ತರೆ, ಆ ಆಹಾರ ನೀರು ಕೆಡಿಸಿದ್ದು ಬಿಟ್ಟು ಬೇರೇನೂ ಮಾಡಿಲ್ಲ. ವಾರದ ಕೊನೆಗೆ ಬದುಕಿದ್ದನ್ನು ಎಣಿಸಿದರೆ ಸಾಲದು, ಇಪ್ಪತ್ತು ಮರಿಗಳ ಉದ್ದವನ್ನೂ ಅಳೆಯಿರಿ. ಬದುಕಿದ್ದೂ ಬೆಳೆಯದ ಮರಿ ಮುಂದೆ ಕೊಳದಲ್ಲಿ ಉಳಿಯುವುದಿಲ್ಲ.

ಕೊನೆಗೆ ಟ್ಯೂಬಿಫೆಕ್ಸ್. ಕ್ಯಾಟ್‌ಫಿಶ್ ಮರಿ ಅದನ್ನು ಬಿಡದೆ ತಿನ್ನುತ್ತದೆ, ಬೇಗ ಬೆಳೆಯುತ್ತದೆ, ಅದು ನಿಜ. ಆದರೆ ಮೊದಲ ದಿನಗಳ ಬಾಯಿಗೆ ಹುಳ ದೊಡ್ಡದು, ಕತ್ತರಿಸಿ ಕೊಡಬೇಕು. ಸಾಮಾನ್ಯವಾಗಿ ಸಿಗುವುದು ಚರಂಡಿ, ಕೊಳಚೆಯ ಕೆಸರಿನಲ್ಲಿ ಬೆಳೆದದ್ದು. ಅಲ್ಲಿನ ಬ್ಯಾಕ್ಟೀರಿಯಾ, ಪರಾವಲಂಬಿಗಳು, ಸೀಸದಂಥ ಲೋಹ ಎಲ್ಲ ಜೊತೆಗೇ ಬರುತ್ತವೆ. ಹರಿಯುವ ನೀರಿನಲ್ಲಿ ಒಂದೆರಡು ದಿನ ಇಟ್ಟು ತೊಳೆದರೆ ಕರುಳಿನ ಕೊಳೆ ಹೋಗುತ್ತದೆ, ಮೈಯೊಳಗೆ ಸೇರಿದ ಲೋಹ, ಪರಾವಲಂಬಿ ಹೋಗುವುದಿಲ್ಲ. ಶುದ್ಧ ನೀರಿನಲ್ಲಿ ನೀವೇ ಬೆಳೆಸಿಕೊಂಡದ್ದಾದರೆ ಒಂದು ವಾರ ದಾಟಿದ ಕ್ಯಾಟ್‌ಫಿಶ್‌ಗೆ ಕೊಡಿ. ಕೊಂಡು ತಂದದ್ದಾದರೆ ಮರಿಗಳ ತೊಟ್ಟಿಗೆ ಬೇಡ.